ಮನೆಯವರನ್ನು ಕರೆಸಿಕೊಳ್ಳುವ ವೀಸಾ: ಅಲ್ಲಿನ ಮನೆಯ ಪುರಾವೆ ಹೊಂದಿಸುವುದು ಹೇಗೆ

ಹುಬ್ಬಳ್ಳಿ, ಧಾರವಾಡದಿಂದ ಹೋಗುವ ವೀಸಾ ಫೈಲುಗಳಲ್ಲಿ ಯಾರೂ ಕೇಳದ ಒಂದು ಕಾಗದ ಆಗಾಗ ಇರುತ್ತದೆ: ಇಲ್ಲಿನ ಮನೆಯ ಸಿಟಿ ಸರ್ವೆ ಉತಾರ. ಅದರ ಬೆನ್ನಿಗೆ ಪಾಲಿಕೆಯ ಕರ ಕಟ್ಟಿದ ಪಾವತಿ, ರೋಣ ಅಥವಾ ಹಾನಗಲ್ ಕಡೆಯವರಾದರೆ ಹೊಲದ ಪಹಣಿ. ಪ್ರವಾಸಿ ವೀಸಾಕ್ಕೆ ಇವುಗಳಿಂದ ಉಪಯೋಗವಿದೆ. ಊರಲ್ಲಿ ಆಸ್ತಿ ಇದೆ, ತಿರುಗಿ ಬರುತ್ತಾರೆ ಎಂದು ಅವು ಹೇಳುತ್ತವೆ. ನಿವಾಸ ವೀಸಾದಲ್ಲಿ ಕೇಳುವುದು ಈ ಮನೆಯನ್ನಲ್ಲ. ಅಲ್ಲಿಗೆ ಹೋದ ಮೇಲೆ ಎಲ್ಲಿ ಮಲಗುತ್ತೀರಿ, ಆ ಜಾಗ ಸಾಲುತ್ತದೆಯೇ, ಅಲ್ಲಿರಲು ನಿಮಗೆ ಹಕ್ಕಿದೆಯೇ ಎಂಬುದಷ್ಟೇ ಅವರಿಗೆ ಬೇಕು. ಉತಾರ ಇಟ್ಟರೆ ನಷ್ಟವಿಲ್ಲ, ಆದರೆ ಅದನ್ನೇ ಮನೆಯ ಪುರಾವೆ ಎಂದು ನಂಬಿ ಕೂತರೆ ಅಸಲಿ ಕಾಗದ ಹೊಂದಿಸುವುದು ಮರೆತುಹೋಗುತ್ತದೆ.

ಬಹುತೇಕ ಸಂದರ್ಭದಲ್ಲಿ ಗಂಡನೋ ಹೆಂಡತಿಯೋ ಮೊದಲೇ ಅಲ್ಲಿರುತ್ತಾರೆ, ಉಳಿದವರು ಇಲ್ಲಿಂದ ಅರ್ಜಿ ಹಾಕುತ್ತಾರೆ. ಕಾಗದ ಹುಟ್ಟುವುದು ಅಲ್ಲಿ, ಸಲ್ಲಿಸುವುದು ಇಲ್ಲಿ. ಈ ಎರಡರ ನಡುವೆಯೇ ಎಡವಟ್ಟುಗಳೆಲ್ಲ ಆಗುತ್ತವೆ.

ಮೊದಲು ಇದನ್ನು ನೋಡಿ: ನಿಮಗೆ ಈ ಪುರಾವೆ ಬೇಕೇ?

ಎಲ್ಲರಿಗೂ ಬೇಕಾಗಿಲ್ಲ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ಮತ್ತು ಸ್ಟೂಡೆಂಟ್ ವೀಸಾಗಳಲ್ಲಿ ಮನೆಯ ಕಾಗದ ಕೇಳುವುದಿಲ್ಲ, ಹಣದ ಲೆಕ್ಕ ಕೇಳುತ್ತಾರೆ. ಮನೆಯ ಪ್ರಶ್ನೆ ಬರುವುದು ಬ್ರಿಟಿಷ್ ಪ್ರಜೆ ಅಥವಾ ಅಲ್ಲಿ ಕಾಯಂ ನೆಲೆಸಿದವರ ಗಂಡ, ಹೆಂಡತಿ ಫ್ಯಾಮಿಲಿ ವೀಸಾಕ್ಕೆ ಅರ್ಜಿ ಹಾಕಿದಾಗ. ಜರ್ಮನಿಯಲ್ಲಿ 2024ರ ಮಾರ್ಚ್ 1ರಿಂದ ನಿಯಮ ಸಡಿಲವಾಗಿದೆ. ಬ್ಲೂ ಕಾರ್ಡ್ (ಉನ್ನತ ಅರ್ಹತೆಯ ಕೆಲಸಗಾರರಿಗೆ ಕೊಡುವ ಪರವಾನಗಿ) ಇರುವವರು, ನುರಿತ ಕೆಲಸಗಾರರ ಪರವಾನಗಿ ಇರುವವರು ತಮ್ಮ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳನ್ನು ಕರೆಸಿಕೊಳ್ಳುವಾಗ ಸಾಕಷ್ಟು ದೊಡ್ಡ ಮನೆಯಿದೆ ಎಂದು ತೋರಿಸಬೇಕಾಗಿಲ್ಲ. ಹಳೆಯ ಚೆಕ್‌ಲಿಸ್ಟ್ ಹಿಡಿದ ಏಜೆಂಟರು ಇನ್ನೂ ದೊಡ್ಡ ಮನೆ ಹಿಡಿಯಿರಿ ಎಂದು ಓಡಾಡಿಸುತ್ತಾರೆ, ಮ್ಯೂನಿಕ್‌ನಂಥ ಊರಲ್ಲಿ ಅದು ತಿಂಗಳಿಗೆ ನೂರಾರು ಯೂರೋದ ಮಾತು. ಆದರೆ ಅಲ್ಲಿ ವಿದ್ಯಾರ್ಥಿಯಾಗಿ ಇರುವವರು ಸಂಗಾತಿಯನ್ನು ಕರೆಸಬೇಕೆಂದರೆ ಮನೆಯ ಅಳತೆ ಈಗಲೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಕರೆಸಿಕೊಳ್ಳುವವರ ಪರವಾನಗಿ ಕಾರ್ಡಿನ ಮೇಲೆ ಯಾವ ಕಲಮು ಬರೆದಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಅಧಿಕಾರಿ ತಾಳೆ ಹಾಕುವುದು ಏನನ್ನು

ಹೆಸರು, ವಿಳಾಸ, ತಾರೀಖು, ಅಳತೆ. ಮನೆ ಚೆಂದ ಇದೆಯೋ ಇಲ್ಲವೋ ಅವರಿಗೆ ಬೇಕಿಲ್ಲ. ಕರಾರಿನಲ್ಲಿರುವ ವಿಳಾಸವೇ ಕರೆಂಟ್ ಬಿಲ್ಲಿನಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ, ಸಂಬಳದ ಚೀಟಿಯಲ್ಲಿ ಇರಬೇಕು. ಮೂರನೇ ಮಹಡಿ ಎಡಗಡೆಯ ಫ್ಲ್ಯಾಟ್ ಎಂಬ ವಿವರ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇರದಿದ್ದರೂ ಪ್ರಶ್ನೆ ಏಳಬಹುದು.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ತೊಂದರೆ ಹೆಚ್ಚು. ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರು ಸೇರಿ ನಮ್ಮ ಹೆಸರು. ಪಾಸ್‌ಪೋರ್ಟಿನಲ್ಲಿ ಮೂರೂ ಇರುತ್ತವೆ, ಅಲ್ಲಿನ ಮನೆ ಮಾಲಕರು ಕರಾರಿನಲ್ಲಿ ಮೊದಲನೆಯದು ಮತ್ತು ಕೊನೆಯದು ಮಾತ್ರ ಬರೆಯುತ್ತಾರೆ. ಪಾಟೀಲ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಐ ಹಾಕಿ, ಇನ್ನೊಂದು ಕಡೆ ಎರಡು ಇ ಹಾಕಿ ಬರೆದದ್ದು ಸಾಮಾನ್ಯ. ಕರಾರಿಗೆ ಸಹಿ ಬೀಳುವ ಮುಂಚೆಯೇ ಪಾಸ್‌ಪೋರ್ಟಿನ ಪುಟದ ಪ್ರತಿ ಮಾಲಕರಿಗೆ ಕಳಿಸಿ, ಇದರಂತೆಯೇ ಬರೆಯಿರಿ ಎಂದು ಭಿಡೆ ಬಿಟ್ಟು ಹೇಳಿ. ಸಹಿಯಾದ ಮೇಲೆ ತಿದ್ದಿಸುವುದು ದೊಡ್ಡ ಪೀಕಲಾಟ. ಊರ ಹೆಸರಿಗೂ ಇದೇ ಮಾತು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಹುಬ್ಲಿ ಹೋಗಿ ಹುಬ್ಬಳ್ಳಿ ಆಯಿತು, ಆದರೆ ಇನ್ನೂ ಹಲವರ ಪಾಸ್‌ಪೋರ್ಟಿನಲ್ಲಿ ಹಳೆಯದೇ ಇದೆ. ಅರ್ಜಿಯಲ್ಲೂ ಅತಿಥೇಯರ ಪತ್ರದಲ್ಲೂ ನಿಮ್ಮ ಪಾಸ್‌ಪೋರ್ಟಿನಲ್ಲಿ ಇದ್ದಂತೆ ಬರೆಯಿರಿ.

ಹೋಟೆಲ್ ಬುಕಿಂಗ್ ಪ್ರವಾಸಿಗಳ ಕಾಗದ. ಹದಿನೈದು ದಿನದ ಬುಕಿಂಗ್ ಇಟ್ಟು ವರ್ಷದ ವೀಸಾ ಕೇಳಿದರೆ, ಹದಿನಾರನೆಯ ದಿನ ಎಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಜರ್ಮನಿ: ತಲೆಗೆ ಹನ್ನೆರಡು ಚದರ ಮೀಟರ್

ಅಳತೆ ಬೇಕಾದವರಿಗೆ ಲೆಕ್ಕ ಹೀಗೆ. ಆರು ವರ್ಷ ಮೀರಿದ ಪ್ರತಿಯೊಬ್ಬರಿಗೆ 12 ಚದರ ಮೀಟರ್, ಆರರೊಳಗಿನ ಮಗುವಿಗೆ 10. ಎರಡು ವರ್ಷ ತುಂಬದ ಕೂಸನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಡುಗೆಮನೆ, ಬಚ್ಚಲು, ಪಾಯಖಾನೆ ಬಳಸಲು ಸಿಗಬೇಕು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು ಇದ್ದರೆ 34 ಚದರ ಮೀಟರ್ ಆಯಿತು, ನಮ್ಮ ಲೆಕ್ಕದಲ್ಲಿ ಸುಮಾರು 366 ಚದರ ಅಡಿ. ಒಂದು ಚದರ ಮೀಟರ್ ಎಂದರೆ 10.76 ಚದರ ಅಡಿ, ಇದೊಂದು ಅಂಕಿ ನೆನಪಿದ್ದರೆ ಸಾಕು. ಹತ್ತು ಪರ್ಸೆಂಟಿನಷ್ಟು ಕಡಿಮೆ ಬಿದ್ದರೆ ತಳ್ಳಿಹಾಕುವುದಿಲ್ಲ. ಅಂದರೆ ಈ ಕುಟುಂಬಕ್ಕೆ 31 ಚದರ ಮೀಟರಿನ ಮನೆಯೂ ನಡೆಯುತ್ತದೆ. ವಿದ್ಯಾರ್ಥಿಗಳು ಎಡವುವುದು ಹಂಚಿಕೊಂಡ ಫ್ಲ್ಯಾಟಿನಲ್ಲಿ. ಇಡೀ ಫ್ಲ್ಯಾಟು 80 ಚದರ ಮೀಟರ್ ಇದ್ದರೂ ಬೇರೆಯವರೂ ಬಳಸುವ ಹಾಲ್ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ ಕೋಣೆಯೊಂದೇ ಬರುತ್ತದೆ. 14 ಚದರ ಮೀಟರಿನ ಕೋಣೆಗೆ ಹೆಂಡತಿಯನ್ನು ಕರೆಸುತ್ತೇನೆಂದರೆ ಆಗುವುದಿಲ್ಲ.

ಬಾಡಿಗೆ ಕರಾರಿನಲ್ಲಿ ಮನೆಯ ಚದರ ಮೀಟರ್ ಬರೆದಿರಬೇಕು. ಬಹಳ ಕರಾರುಗಳಲ್ಲಿ ಆ ಜಾಗ ಖಾಲಿ ಬಿಟ್ಟಿರುತ್ತಾರೆ. ಆಗ ಮಾಲಕರಿಂದ ಅಳತೆ, ಕೋಣೆಗಳ ಸಂಖ್ಯೆ, ವಾಸಿಸುವವರ ಸಂಖ್ಯೆ ಬರೆದ ಬೇರೆ ಪತ್ರ ತೆಗೆದುಕೊಳ್ಳಿ. ಒಳಬಾಡಿಗೆಗೆ ಇದ್ದರೆ ಮೂಲ ಮಾಲಕರ ಒಪ್ಪಿಗೆ ಬರಹದಲ್ಲಿ ಬೇಕು. ಬಾಡಿಗೆಗೆ ಇದ್ದ ಗೆಳೆಯ ಬರೆದುಕೊಟ್ಟ ಚೀಟಿಗೆ ಒಪ್ಪಿಗೆಪತ್ರವಿಲ್ಲದೆ ಬೆಲೆಯಿಲ್ಲ.

ಅಳತೆಯಿಂದ ವಿನಾಯಿತಿ ಸಿಕ್ಕವರಿಗೂ ಒಂದು ಕೆಲಸ ತಪ್ಪುವುದಿಲ್ಲ. ಮನೆಗೆ ಕಾಲಿಟ್ಟ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆಗೆ ಸೇರಿದ ತಾರೀಖು, ವಿಳಾಸ, ವಾಸಿಸುವ ಎಲ್ಲರ ಹೆಸರು, ತನ್ನ ಹೆಸರು ಮತ್ತು ವಿಳಾಸ ಇಷ್ಟನ್ನೂ ಬರೆದು ಮಾಲಕ ಸಹಿ ಮಾಡಿದ ದೃಢೀಕರಣ ಪತ್ರ ಅಲ್ಲಿಗೆ ಬೇಕು. ಅದನ್ನು ಕೊಡುವುದು ಮಾಲಕರ ಕಾನೂನಿನ ಹೊಣೆ. ಕೊಡುವುದಿಲ್ಲ ಎನ್ನುವ ಮನೆಯನ್ನು ಹಿಡಿಯಲೇ ಬೇಡಿ. ನೋಂದಣಿ ಇಲ್ಲದೆ ಪರವಾನಗಿಯ ಕೆಲಸ ಮುಂದೆ ಸಾಗುವುದಿಲ್ಲ. ಯಾರೂ ವಾಸಿಸದ ವಿಳಾಸವನ್ನು ದುಡ್ಡಿಗೆ ಕೊಡುವವರೂ ಇದ್ದಾರೆ. ಅಂಥ ಸುಳ್ಳು ವಿಳಾಸಕ್ಕೆ 50,000 ಯೂರೋವರೆಗೆ ದಂಡವಿದೆ. ಡಿಪಾಜಿಟ್ಟಿನ ಮಿತಿಯೂ ತಿಳಿದಿರಲಿ: ಹೀಟಿಂಗ್, ನೀರಿನ ಖರ್ಚು ಬಿಟ್ಟ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು.

ಬ್ರಿಟನ್: ಎರಡು ಪರೀಕ್ಷೆ, ಎರಡರಲ್ಲೂ ಪಾಸಾಗಬೇಕು

ಇಲ್ಲಿನ ಲೆಕ್ಕ ಬಹಳ ಜನಕ್ಕೆ ಅರ್ಧವೇ ಗೊತ್ತಿರುತ್ತದೆ. ಸ್ವಂತ ಮನೆಯೇ ಆಗಬೇಕೆಂದಿಲ್ಲ, ಅಣ್ಣನ ಮನೆಯಲ್ಲೋ ಗೆಳೆಯನ ಮನೆಯಲ್ಲೋ ಇರಬಹುದು. ಆದರೆ ಗಂಡ ಹೆಂಡತಿಗೆ ಅವರದೇ ಆದ ಒಂದು ಮಲಗುವ ಕೋಣೆ ಬೇಕು, ಮತ್ತು ಮನೆ 1985ರ ಹೌಸಿಂಗ್ ಕಾಯ್ದೆಯ ಪ್ರಕಾರ ಕಿಕ್ಕಿರಿದಿರಬಾರದು. ಆ ಕಾಯ್ದೆ ಎರಡು ಥರ ನೋಡುತ್ತದೆ.

ಒಂದು, ಯಾರು ಯಾರ ಜೊತೆ ಮಲಗಬೇಕಾಗುತ್ತದೆ ಎಂಬುದು. ಹತ್ತು ವರ್ಷ ಮೀರಿದ, ಗಂಡ ಹೆಂಡತಿಯಲ್ಲದ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಒಂದೇ ಕೋಣೆಯಲ್ಲಿ ಮಲಗುವ ಪರಿಸ್ಥಿತಿ ಬರಬಾರದು. ಹನ್ನೆರಡರ ಮಗಳು, ಹನ್ನೊಂದರ ಮಗ ಇದ್ದರೆ ಇಬ್ಬರಿಗೂ ಬೇರೆ ಬೇರೆ ಕೋಣೆ ಲೆಕ್ಕ ಹಾಕಿ. ಇಲ್ಲಿ ಹಾಲನ್ನೂ ಮಲಗುವ ಕೋಣೆಯೆಂದೇ ಹಿಡಿಯುತ್ತಾರೆ, ಅದೊಂದು ಅನುಕೂಲ. ಅಡುಗೆಮನೆಯನ್ನು ನೀವಾಗಿ ಹಿಡಿಯಬೇಡಿ.

ಎರಡನೆಯದು ಜಾಗದ ಪರೀಕ್ಷೆ. ಕೋಣೆಗಳ ಸಂಖ್ಯೆಯಿಂದ ನೋಡಿದರೆ ಒಂದು ಕೋಣೆಗೆ 2 ಜನ, ಎರಡಕ್ಕೆ 3, ಮೂರಕ್ಕೆ 5, ನಾಲ್ಕಕ್ಕೆ ಏಳೂವರೆ, ಐದಕ್ಕೆ 10. ಕೋಣೆಯ ಅಳತೆಯಿಂದ ನೋಡಿದರೆ 110 ಚದರ ಅಡಿ ಅಥವಾ ಹೆಚ್ಚಿದ್ದರೆ 2 ಜನ, 90ರಿಂದ 110ರೊಳಗೆ ಒಂದೂವರೆ, 70ರಿಂದ 90ರೊಳಗೆ ಒಬ್ಬರು, 50ರಿಂದ 70ರೊಳಗೆ ಅರ್ಧ. 50ಕ್ಕಿಂತ ಕಡಿಮೆ ಇದ್ದರೆ ಅದು ಕೋಣೆಯೇ ಅಲ್ಲ. ಒಂದು ವರ್ಷದೊಳಗಿನ ಕೂಸು ಲೆಕ್ಕಕ್ಕಿಲ್ಲ, ಒಂದರಿಂದ ಹತ್ತರೊಳಗಿನ ಮಗು ಅರ್ಧ. ಎರಡು ಲೆಕ್ಕದಲ್ಲಿ ಯಾವುದು ಕಡಿಮೆ ಬರುತ್ತದೋ ಅದೇ ಮನೆಯ ಮಿತಿ.

ಇದು ಹೇಗೆ ಕೈಕೊಡುತ್ತದೆ ನೋಡಿ. ಬಾಡಿಗೆ ಮನೆಯೊಂದರಲ್ಲಿ ಎರಡು ಬೆಡ್‌ರೂಮು, ಒಂದು ಹಾಲ್. ಅಲ್ಲಿ ಗೆಳೆಯ, ಅವನ ಹೆಂಡತಿ, ನಾಲ್ಕು ವರ್ಷದ ಮಗು ಇದ್ದಾರೆ, ಅದು ಎರಡೂವರೆ. ನೀವಿಬ್ಬರು ಸೇರಿದರೆ ನಾಲ್ಕೂವರೆ. ಮೂರು ಕೋಣೆಗೆ ಐದು ಜನ ಇರಬಹುದು, ಬರೋಬ್ಬರಿ ಆಯಿತು ಎಂದು ಎಲ್ಲರೂ ಇಲ್ಲಿಗೇ ನಿಲ್ಲುತ್ತಾರೆ. ಈಗ ಟೇಪು ಹಿಡಿಯಿರಿ. ಹಾಲ್ 120 ಚದರ ಅಡಿ, ಅದಕ್ಕೆ 2. ದೊಡ್ಡ ಬೆಡ್‌ರೂಮು 85, ಅದಕ್ಕೆ 1. ಚಿಕ್ಕದು 65, ಅದಕ್ಕೆ ಅರ್ಧ. ಒಟ್ಟು ಮೂರೂವರೆ. ನಾಲ್ಕೂವರೆ ಜನರಿಗೆ ಮನೆ ಸಾಲದು. ಅಲ್ಲಿನ ಹಳೆಯ ಸಾಲುಮನೆಗಳಲ್ಲಿ ಬಾಗಿಲ ಮೇಲಿನ ಆ ಪುಟ್ಟ ಕೋಣೆ ಇರುತ್ತದಲ್ಲ, ಮಂಚ ಹಾಕಿದರೆ ನಿಲ್ಲಲು ಜಾಗವಿರದಂಥದ್ದು, ಅದೇ ಬಹುಪಾಲು ಈ ಲೆಕ್ಕವನ್ನು ಕೆಡಿಸುತ್ತದೆ. 10 ಅಡಿ, 11 ಅಡಿಯ ಕೋಣೆಗೆ ಸರಿಯಾಗಿ 110 ಬಂದು ಇಬ್ಬರು ಹಿಡಿಯುತ್ತಾರೆ. ಅದೇ ಉದ್ದ ಆರಿಂಚು ಕಡಿಮೆಯಾದರೆ 105, ಆಗ ಒಂದೂವರೆ. ಅಟ್ಟದ ಕೋಣೆಯಾದರೆ ಚಾವಣಿ ಐದು ಅಡಿಗಿಂತ ತಗ್ಗಿರುವ ಭಾಗವನ್ನು ಬಿಟ್ಟು ಅಳೆಯಬೇಕು. ನಮ್ಮ ಕಡೆ ಅಂಕಣದ ಲೆಕ್ಕದಲ್ಲಿ ಮನೆ ಹೇಳಿ ರೂಢಿಯಾದವರು ಗೋಡೆಯನ್ನೂ ಸೇರಿಸಿ ಹೇಳಿಬಿಡುತ್ತಾರೆ. ಇಲ್ಲಿ ಒಳಗಿನ ನೆಲ ಮಾತ್ರ ಲೆಕ್ಕ.

ಇದೇ ಕಾರಣಕ್ಕೆ ಹಂಚಿಕೊಂಡ ಮನೆಯಾದರೆ ಪ್ರಾಪರ್ಟಿ ಇನ್‌ಸ್ಪೆಕ್ಷನ್ ರಿಪೋರ್ಟ್, ಅಂದರೆ ಪರಿಣಿತರು ಬಂದು ಕೋಣೆ ಅಳೆದು ಕೊಡುವ ವರದಿ, ಮಾಡಿಸುವುದು ಒಳ್ಳೆಯದು. ಕಡ್ಡಾಯವಲ್ಲ. ನೀವಿಬ್ಬರೇ ಇರುವ ಒಂದು ಬೆಡ್‌ರೂಮ್ ಫ್ಲ್ಯಾಟಿಗೆ ಅದು ದಂಡದ ಖರ್ಚು, ಹಾಲ್ ಸೇರಿ ಕೋಣೆಗಳು ಧಾರಾಳ ಸಾಲುತ್ತವೆ. ಐದು ಅಥವಾ ಹೆಚ್ಚು ಜನ, ಎರಡು ಕುಟುಂಬ ಒಂದೇ ಅಡುಗೆಮನೆ ಬಳಸುವ ಬಾಡಿಗೆ ಮನೆಯಾದರೆ ಇಂಗ್ಲೆಂಡಿನಲ್ಲಿ ಮಾಲಕರಿಗೆ ಲೈಸೆನ್ಸ್ ಬೇಕು. ಅದು ಇದೆಯೇ ಎಂದು ಕೇಳಿ. ಮೇಲಿನ ಉದಾಹರಣೆಯಲ್ಲಿ ಮಗುವನ್ನು ಅರ್ಧ ಹಿಡಿದದ್ದು ಜಾಗದ ಲೆಕ್ಕಕ್ಕೆ. ತಲೆ ಎಣಿಸಿದರೆ ಅವರೂ ಐದೇ ಜನ.

ಫೈಲಿಗೆ ಬೇಕಾದದ್ದು: ಬಾಡಿಗೆಯಾದರೆ ಕರಾರು, ಜೊತೆಗೆ ಮಾಲಕರ ಪತ್ರ. ಒಬ್ಬರಿಗೇ ಕೊಟ್ಟ ಮನೆ, ಬೇರೆಯವರು ಇರುವಂತಿಲ್ಲ ಎಂಬ ಷರತ್ತು ಕರಾರಿನ ಎಂಟನೆಯೋ ಹತ್ತನೆಯೋ ಪುಟದಲ್ಲಿ ಅಡಗಿರುತ್ತದೆ, ಅಧಿಕಾರಿ ಅಲ್ಲಿಯವರೆಗೂ ಓದುತ್ತಾರೆ. ಪತ್ರದಲ್ಲಿ ಮನೆಯ ಪೂರ್ತಿ ವಿಳಾಸ, ಕೋಣೆಗಳ ಸಂಖ್ಯೆ, ಈಗ ಇರುವವರ ಹೆಸರು, ಪಾಸ್‌ಪೋರ್ಟಿನಲ್ಲಿ ಇದ್ದಂತೆ ಬರುವವರ ಹೆಸರು, ಅವರು ಬಂದು ಇರಲು ತನ್ನ ಒಪ್ಪಿಗೆ, ಸಹಿ, ತಾರೀಖು, ಫೋನ್ ನಂಬರ್ ಇರಲಿ. ಕರಾರಿನ ಅವಧಿ ಮುಗಿದು ತಿಂಗಳಿಂದ ತಿಂಗಳಿಗೆ ನಡೆಯುತ್ತಿದ್ದರೆ ಹಾಗೇ ಮುಂದುವರಿದಿದೆ ಎಂಬ ಸಾಲನ್ನೂ ಬರೆಸಿ. ಅಣ್ಣನ ಸ್ವಂತ ಮನೆಯಾದರೆ ಲ್ಯಾಂಡ್ ರಿಜಿಸ್ಟ್ರಿಯ ಟೈಟಲ್ ರಿಜಿಸ್ಟರ್ ಪ್ರತಿ ಇಡಿ, ನಮ್ಮ ಉತಾರ ಇದ್ದಂತೆ ಅದು, ಆನ್‌ಲೈನಿನಲ್ಲಿ ಕೆಲವೇ ಪೌಂಡಿಗೆ ಸಿಗುತ್ತದೆ. ಅಣ್ಣ ತಾನೇ ಬಾಡಿಗೆಗೆ ಇದ್ದರೆ ಅವನ ಪತ್ರವೊಂದೇ ಸಾಲದು, ಅವನ ಮಾಲಕರ ಒಪ್ಪಿಗೆಯೂ ಬೇಕು. ಜೊತೆಗೆ ಕೌನ್ಸಿಲ್ ಟ್ಯಾಕ್ಸ್ ಬಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ ಮನೆ ಕರದ ಬಿಲ್.

ದುಬೈ, ಅಬುಧಾಬಿ

ಇಲ್ಲಿ ಅಳತೆಗಿಂತ ನೋಂದಣಿ ಮುಖ್ಯ. ನಮ್ಮಲ್ಲಿ 1908ರ ನೋಂದಣಿ ಕಾಯ್ದೆಯಂತೆ ವರ್ಷ ಮೀರುವ ಬಾಡಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಅದನ್ನು ತಪ್ಪಿಸಲೆಂದೇ 11 ತಿಂಗಳ ಕರಾರನ್ನು ಬಾಂಡ್ ಪೇಪರಿನ ಮೇಲೆ ಬರೆದು ಮುಗಿಸುವುದು ರೂಢಿ. ಅದೇ ರೂಢಿಯನ್ನು ಅಲ್ಲಿಗೆ ಒಯ್ದರೆ ಫೈಲು ಮುಂದೆ ಸರಿಯುವುದಿಲ್ಲ. ದುಬೈಯಲ್ಲಿ ಇಜಾರಿ, ಅಬುಧಾಬಿಯಲ್ಲಿ ತೌತೀಕ್ ಎಂಬ ಸರ್ಕಾರಿ ನೋಂದಣಿ ಆಗಿರಬೇಕು, ಕರೆಸಿಕೊಳ್ಳುವವರ ಹೆಸರಿನಲ್ಲೇ ಆಗಿರಬೇಕು. ಅವರ ತಿಂಗಳ ಸಂಬಳ ಕನಿಷ್ಠ 4,000 ದಿರ್ಹಮ್, ಅಥವಾ ಕಂಪನಿಯ ಮನೆ ಇದ್ದರೆ 3,000.

ಬೆಡ್ ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದು, ಇರುವವರಿಗೆ ಇಜಾರಿ ತಮ್ಮ ಹೆಸರಿಗೆ ಇರುವುದಿಲ್ಲ. ಗೆಳೆಯನ ಹೆಸರಿನ ಇಜಾರಿ ತಂದು ಅವನ ಜೊತೆ ಇದ್ದೇನೆ ಎಂದರೆ ಸಾಲುವುದಿಲ್ಲ. ಕಂಪನಿ ಕೊಟ್ಟ ಮನೆಯಾದರೆ ಕಂಪನಿ ಹೆಸರಿನ ನೋಂದಣಿ ಮತ್ತು ಈ ಮನೆಯನ್ನು ಇವರ ಕುಟುಂಬಕ್ಕೆ ಕೊಟ್ಟಿದ್ದೇವೆ ಎಂಬ ಪತ್ರ ಕೇಳಿ ಪಡೆಯಿರಿ. ಮೊದಲೇ ಹೇಳದಿದ್ದರೆ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಕಂಪನಿಯ ಪಿಆರ್‌ಒ ಬರೀ ಸಂಬಳದ ಪತ್ರ ಕೊಟ್ಟು ಕಳಿಸುತ್ತಾರೆ. ಇಜಾರಿ ಮಾಡಿಸುವಾಗ ಕರಾರು, ಮಾಲಕರ ಟೈಟಲ್ ಡೀಡ್ ಪ್ರತಿ, ಎಮಿರೇಟ್ಸ್ ಐಡಿ, ಪಾಸ್‌ಪೋರ್ಟ್ ಮತ್ತು ಆ ಫ್ಲ್ಯಾಟಿನ ದೇವಾ ನಂಬರ್, ಅಂದರೆ ಕರೆಂಟ್ ಮತ್ತು ನೀರಿನ ಕಂಪನಿ ಮನೆಗೆ ಕೊಟ್ಟ ಸಂಖ್ಯೆ, ಕೈಯಲ್ಲಿರಲಿ. ವರ್ಷಕ್ಕೊಮ್ಮೆ ಕರಾರು ಹೊಸದಾದಂತೆ ಇಜಾರಿಯೂ ಹೊಸದಾಗಬೇಕು. ಅವಧಿ ಮುಗಿದದ್ದನ್ನು ಇಟ್ಟುಕೊಂಡು ಮನೆಯವರ ವೀಸಾ ನವೀಕರಿಸಲು ಹೋಗುವುದು ವ್ಯರ್ಥ ಓಡಾಟ.

ಇಟಲಿ

ಓದಲು ಹೋಗುವವರಿಗೆ ವೀಸಾದಲ್ಲೇ ವಸತಿ ಪುರಾವೆ ಕೇಳುತ್ತಾರೆ. ಬಾಡಿಗೆ ಕರಾರು ಸಹಿಯಾದ 30 ದಿನದೊಳಗೆ ಅಲ್ಲಿನ ತೆರಿಗೆ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, ನೋಂದಣಿಯ ರಸೀದಿಯನ್ನೂ ಕೇಳಿ ಪಡೆಯಿರಿ. ಯಾರದೋ ಮನೆಯಲ್ಲಿ ಉಳಿಯುವುದಾದರೆ ಅವರ ಆತಿಥ್ಯ ಘೋಷಣೆ ಮತ್ತು ಗುರುತಿನ ಚೀಟಿ. ನೀವು ತಲುಪಿದ 48 ಗಂಟೆಯೊಳಗೆ ಆ ಅತಿಥೇಯರು ಪೊಲೀಸ್ ಕಚೇರಿಗೆ ಅಥವಾ ನಗರಸಭೆಗೆ ತಿಳಿಸಬೇಕು, ಎಂಟು ಕೆಲಸದ ದಿನದೊಳಗೆ ನೀವು ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು. ಕುಟುಂಬವನ್ನು ಕರೆಸುವುದಾದರೆ ಮನೆ ಸೂಕ್ತವಾಗಿದೆ ಎಂಬ ಪ್ರಮಾಣಪತ್ರವನ್ನು ಅಲ್ಲಿನ ನಗರಸಭೆಯಿಂದಲೇ ತರಬೇಕು. ಅಲ್ಲಿನ 1975ರ ಸರ್ಕಾರಿ ಅಳತೆಯಂತೆ ಮೊದಲ ನಾಲ್ವರಿಗೆ ತಲಾ 14 ಚದರ ಮೀಟರ್, ಆಮೇಲಿನ ಒಬ್ಬೊಬ್ಬರಿಗೆ 10. ನಾಲ್ವರ ಕುಟುಂಬಕ್ಕೆ 56, ಅಂದರೆ 603 ಚದರ ಅಡಿ. ಒಬ್ಬರು ಮಲಗುವ ಕೋಣೆ 9 ಚದರ ಮೀಟರ್, ಇಬ್ಬರದು 14.

ಕಾಗದ ಅಲ್ಲಿಂದ ಇಲ್ಲಿಗೆ ತರುವುದು

ವಾಟ್ಸಾಪಿನಲ್ಲಿ ಬಂದ ಫೋಟೋವನ್ನು ಕೊಪ್ಪಿಕರ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ಅಂಚು ಕತ್ತರಿಸಿ ಹೋಗುತ್ತದೆ, ಮಾಲಕರ ಸಹಿ ಕೆಳಗೆ ಮಸುಕಾಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನು ಇ-ಮೇಲಿನಲ್ಲೇ ತರಿಸಿ. ಕರಾರಿನ ಎಲ್ಲ ಪುಟ ಬೇಕು, ಕೊನೆಯ ಸಹಿಯ ಪುಟ ಮಾತ್ರ ಕಳಿಸುವವರೇ ಹೆಚ್ಚು. ಮಾಲಕರ ಪತ್ರವನ್ನು ಅಪಾಯಿಂಟ್‌ಮೆಂಟಿನ ತಾರೀಖು ಗೊತ್ತಾದ ಮೇಲೆ ಬರೆಸಿ, ಆರು ತಿಂಗಳ ಹಳೆಯ ಪತ್ರ ಇಟ್ಟರೆ ಈಗಲೂ ಅಲ್ಲೇ ಇದ್ದಾರೆಯೇ ಎಂಬ ಅನುಮಾನ ಬರುತ್ತದೆ. ಬೆಂಗಳೂರಿಗೆ ರಾತ್ರಿ ರೈಲು ಹತ್ತುವ ಮುಂಚೆ ಎಲ್ಲ ಕಾಗದವನ್ನೂ ಪಕ್ಕಪಕ್ಕ ಇಟ್ಟು ಮನೆ ನಂಬರ್ ಮತ್ತು ಪಿನ್ ಕೋಡನ್ನು ಬೆರಳಿಟ್ಟು ಓದಿ. ಅಲ್ಲಿ ಕೌಂಟರಿನಲ್ಲಿ ತಪ್ಪು ಸಿಕ್ಕರೆ ನಾನೂರು ಕಿಲೋಮೀಟರ್ ದೂರದಿಂದ ತಿದ್ದಿಸಲು ಆಗುವುದಿಲ್ಲ.

ಮನೆಯ ಕಾಗದದ ಮೇಲೆ ಒಂದು ಪುಟದ ಟಿಪ್ಪಣಿ ಇಡಿ: ಮನೆ ಯಾರದು, ಈಗ ಯಾರಿದ್ದಾರೆ, ಅವರ ವಯಸ್ಸು, ಕೋಣೆಗಳ ಅಳತೆ, ಯಾರು ಎಲ್ಲಿ ಮಲಗುತ್ತಾರೆ, ಯಾವ ಪುಟದಲ್ಲಿ ಯಾವ ಪುರಾವೆ. ಅಧಿಕಾರಿ ತಾನೇ ಕೂಡಿ ಕಳೆಯಬೇಕಾದರೆ ತಪ್ಪು ಹಿಡಿಯುವ ಸಂಭವವೂ ಹೆಚ್ಚು.

ಕರಾರು ಮಾಡಿಸಿಕೊಡುತ್ತೇವೆ, ಇಷ್ಟು ಸಾವಿರ ಎನ್ನುವವರಿಂದ ದೂರ ಇರಿ. ಆ ವಿಳಾಸಕ್ಕೆ ಒಂದು ಫೋನು ಹೋದರೆ ಮುಗಿಯಿತು. ಬ್ರಿಟನ್ನಿನಲ್ಲಿ ಸುಳ್ಳು ದಾಖಲೆ ಸಾಬೀತಾದರೆ ಹತ್ತು ವರ್ಷ ಬಾಗಿಲು ಮುಚ್ಚುತ್ತದೆ. ನೋಡದ ಮನೆಗೆ ಮುಂಗಡ ಕಳಿಸುವಾಗಲೂ ಇದೇ ಎಚ್ಚರ: ಬಾಡಿಗೆ ಊರಿನ ದರಕ್ಕಿಂತ ಬಹಳ ಕಡಿಮೆ, ಮಾಲಕ ಬೇರೆ ದೇಶದಲ್ಲಿದ್ದಾನೆ, ದುಡ್ಡು ಬಂದ ಮೇಲೆ ಕೀಲಿ ಕೊರಿಯರ್ ಮಾಡುತ್ತಾನೆ, ಈ ಮೂರರಲ್ಲಿ ಒಂದು ಕೇಳಿಬಂದರೂ ಕೈ ತೆಗೆಯಿರಿ. ವಿಶ್ವವಿದ್ಯಾಲಯದ ಹಾಸ್ಟೆಲ್ ಪತ್ರ ಸಿಗುವಂತಿದ್ದರೆ ವಿದ್ಯಾರ್ಥಿಗಳಿಗೆ ಅದಕ್ಕಿಂತ ನೆಮ್ಮದಿಯ ಪುರಾವೆ ಇಲ್ಲ.

ಅರ್ಜಿ ಹಾಕಿದ ಮೇಲೆ, ವೀಸಾ ಬರುವ ಮುಂಚೆ ಅಲ್ಲಿನವರು ಮನೆ ಬದಲಿಸಬೇಕಾಗಿ ಬಂದರೆ ಸುಮ್ಮನಿರಬೇಡಿ. ಹೊಸ ಕರಾರು, ಹೊಸ ಮಾಲಕರ ಪತ್ರ, ಹಳೆಯ ಮನೆ ಯಾವ ತಾರೀಖಿಗೆ ಬಿಟ್ಟರು ಎಂಬ ಒಂದು ಸಾಲು, ಇಷ್ಟನ್ನು ಅರ್ಜಿಯ ನಂಬರ್ ಬರೆದು ಕಳಿಸಿ. ಮನೆ ಬಿಡುವುದು ತೀರಾ ಅನಿವಾರ್ಯವಲ್ಲದಿದ್ದರೆ ಪಾಸ್‌ಪೋರ್ಟು ಕೈಗೆ ಬರುವವರೆಗೆ ಒಂದೆರಡು ತಿಂಗಳು ಹಳೆಯದರಲ್ಲೇ ತಳ್ಳುವುದು ಲೇಸು.